ಮೂಕನ ಮನೆಯಲ್ಲಿ ಮಾತಾಡುವ ನೀರು

ಈ ವಾರ ಸೆಟ್ಟು ಬೇಡ, ಮುಹೂರ್ತದ ಕ್ಲಾಪು ಬೇಡ, ನಾಯಕ-ನಾಯಕಿಯರ ಗುಸುಗುಸು ಬೇಡ. ಅದೆಲ್ಲ ಮುಂದಿನ ಪುಟಗಳಲ್ಲಿ ಹೇಗೂ ಇದ್ದೇ ಇರುತ್ತದೆ. ಸ್ವಲ್ಪ ಹೊತ್ತು ನನ್ನ ಜೊತೆ ಬಸ್ಸು ಹತ್ತಿ. ಕಿಟಕಿ ಪಕ್ಕದ ಸೀಟು ನಿಮಗೇ!

ಬಸ್ಸು ಹೊರಡುವುದು ದುದ್ದದಿಂದ. ಎಲ್ಲಿದೆ ಅಂತ ಕೇಳಬೇಡಿ, ನನಗೆ ಬೇಜಾರಾಗುತ್ತೆ. ಹಾಸನ ತಾಲ್ಲೂಕಿನ ಒಂದು ಹೋಬಳಿ. ಹಾಸನ ಜಿಲ್ಲೆ ಅಂದಕೂಡಲೇ ಸಿನಿಮಾದವರಿಗೆ ಬೇಲೂರು ಕಾಣುತ್ತೆ, ಹಳೇಬೀಡು ಕಾಣುತ್ತೆ, ಸಕಲೇಶಪುರದ ಮಂಜು ಕಾಣುತ್ತೆ. ದುದ್ದದ ಕಡೆ ಯಾವ ಕ್ಯಾಮೆರಾನೂ ತಿರುಗೋದಿಲ್ಲ. ದಾರಿಯಲ್ಲಿ ಕೋರವಂಗಲದ ಬೂಚೇಶ್ವರ ದೇವಾಲಯ ಇದೆ, 1173ರಲ್ಲಿ ಕಟ್ಟಿದ್ದು, ಹೊಯ್ಸಳರ ಚೆಂದದ ಕೆತ್ತನೆ. ಅಲ್ಲಿಗೂ ಬರುವವರು ಬೆರಳೆಣಿಕೆ. ಉಳಿದಂತೆ ನಮ್ಮ ಸೀಮೆಯಲ್ಲಿ ಇರೋದು ಆಲೂಗಡ್ಡೆ, ರಾಗಿ, ತೆಂಗು, ಮತ್ತೆ ಆಕಾಶ ನೋಡಿಕೊಂಡು ಕೂರುವ ಜನ.

ಹೊರಟವರು ನಾಲ್ಕು ಜನ. ಹೆಸರು ಬೇಡ, ಊರಲ್ಲಿ ಕರೆಯುವ ಅಡ್ಡಹೆಸರೇ ಸಾಕು. ಒಬ್ಬ 'ಆಲೂ'. ಎರಡೂವರೆ ಎಕರೆ ಆಲೂಗಡ್ಡೆ ಹಾಕ್ತಾನೆ. ಅಂಗಮಾರಿ ಬಂದ ವರ್ಷ ಬೆಳೆ ಇಲ್ಲ, ಬಾರದ ವರ್ಷ ರೇಟಿಲ್ಲ. ಎರಡನೆಯವನು 'ಸ್ಟುಡಿಯೋ'. ಮದುವೆ, ನಾಮಕರಣ, ಗೃಹಪ್ರವೇಶಕ್ಕೆ ಫೋಟೋ ಮತ್ತು ವೀಡಿಯೋ. ಮೂರನೆಯವನು 'ಮೇಷ್ಟ್ರು'. ಪಾಠ ಹೇಳೋದಿಲ್ಲ, ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೀತಾನೆ. ಆದರೆ ನಾಲ್ವರಲ್ಲಿ ಪಿಯುಸಿ ಪಾಸು ಮಾಡಿದವನು ಅವನೊಬ್ಬನೇ. ಆ ಸಾಧನೆಗೆ ಊರು ಕೊಟ್ಟ ಬಿರುದು ಅದು! ನಾಲ್ಕನೆಯವನು ಈ ಬಡ ಬರಹಗಾರ. ಪಿಯುಸಿಯನ್ನು ಅರ್ಧಕ್ಕೆ ಬಿಟ್ಟವನು. ಯಾಕೆ ಬಿಟ್ಟೆ ಅನ್ನೋದನ್ನ ಆಮೇಲೆ ಹೇಳ್ತೀನಿ, ಅದಕ್ಕೂ ನೀರಿಗೂ ಸಂಬಂಧ ಇದೆ.

2024ರ ಸೆಪ್ಟೆಂಬರ್ ತಿಂಗಳ ಕೊನೆ. ಆಲೂಗಡ್ಡೆ ಕಿತ್ತು ಮುಗಿದಿತ್ತು. ಪಿತೃಪಕ್ಷ ಬಂದದ್ದರಿಂದ ಮದುವೆ ಇಲ್ಲ, ಸ್ಟುಡಿಯೋಗೆ ಪುರುಸೊತ್ತು. ಮೇಷ್ಟ್ರು ಸೋದರತ್ತೆಯನ್ನು ಕೊಟ್ಟಿರೋದು ಸಕಲೇಶಪುರ ತಾಲ್ಲೂಕಿನ ಹೆತ್ತೂರು ಕಡೆಗೆ. "ನಮ್ಮತ್ತೆ ಮನೆ ಐತೆ, ಊಟ ಐತೆ, ಹಾಸಿಗೆ ಐತೆ. ಶನಿವಾರ ಹೋಗಿ ಭಾನುವಾರ ಬಂದ್ಬುಡಾಣ. ಹೊಳೆ ಹಿಡ್ಕಂಡು ನಡೆದ್ರೆ ಅಬ್ಬಿ ಸಿಗ್ತದೆ" ಅಂದ. ಆ ಕಡೆ ಜನ ಜಲಪಾತಕ್ಕೆ ಅಬ್ಬಿ ಅಂತಾರೆ. ಆಲೂ ಒಂದೇ ಪ್ರಶ್ನೆ ಕೇಳಿದ: "ನೀರು ಸುಮ್ನೆ ಬೀಳ್ತಾ ಇರ್ತದೇನ್ಲಾ? ಕರೆಂಟು ಹೋದ್ರೂ?"

ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆದರೆ ಅವನು ತಮಾಷೆಗೆ ಕೇಳಿರಲಿಲ್ಲ.

ಹೇಮಾವತಿ ಅಂದ್ರೆ ಸಿದ್ದಲಿಂಗಯ್ಯ!

ಮೊದಲ ಬಸ್ಸಿಗೆ ಹಾಸನ, ಹಾಸನದಿಂದ ಸಕಲೇಶಪುರ. ಹೆದ್ದಾರಿಯಲ್ಲಿ ನಲವತ್ತು ಕಿಲೋಮೀಟರ್. ಹಾಸನ ಬಿಡುವಾಗ ಒಣ ಬಿಸಿಲು. ಆಲೂರು ದಾಟುವಷ್ಟರಲ್ಲಿ ಕಿಟಕಿಯೊಳಗೆ ತಣ್ಣನೆ ಗಾಳಿ. ಬಾಳ್ಳುಪೇಟೆ ಕಳೆದ ಮೇಲೆ ಎರಡೂ ಬದಿ ಕಾಫಿ ತೋಟ, ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಒಂದೇ ಜಿಲ್ಲೆ ಸ್ವಾಮಿ! ಆದರೆ ಒಂದೂವರೆ ಗಂಟೆಯಲ್ಲಿ ಬೇರೆ ದೇಶಕ್ಕೆ ಬಂದ ಹಾಗೆ.

ಸಕಲೇಶಪುರದ ಸೇತುವೆ ಮೇಲೆ ಬಸ್ಸು ನಿಧಾನವಾಯಿತು. ಕೆಳಗೆ ಹೇಮಾವತಿ. ಮೂಡಿಗೆರೆ ತಾಲ್ಲೂಕಿನ ಜಾವಳಿ ಹತ್ತಿರ ಹುಟ್ಟಿ, ಸಕಲೇಶಪುರ, ಗೊರೂರು, ಹೊಳೆನರಸೀಪುರ ಹಾದು, ಕೃಷ್ಣರಾಜಸಾಗರದ ಬಳಿ ಕಾವೇರಿಯನ್ನು ಸೇರುವ ನಮ್ಮ ಜಿಲ್ಲೆಯ ದೊಡ್ಡಮ್ಮ.

ಸಿನಿಮಾ ವಾರಪತ್ರಿಕೆಗೆ ಬರೆಯುವವನಿಗೆ ಹೇಮಾವತಿ ಕಂಡರೆ ಸಿದ್ದಲಿಂಗಯ್ಯನವರು ನೆನಪಾಗಲೇಬೇಕು. ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆ ಹಿಡಿದು 1974ರಲ್ಲಿ 'ಬೂತಯ್ಯನ ಮಗ ಅಯ್ಯು' ಮಾಡಿದರು. ಲೋಕೇಶ್, ವಿಷ್ಣುವರ್ಧನ್ ಇದ್ದ ಆ ಚಿತ್ರದ ಪ್ರವಾಹದ ದೃಶ್ಯ ನೋಡಿ ನಮ್ಮಪ್ಪ ಟೆಂಟಿನಿಂದ ಎದ್ದು ನಿಂತಿದ್ದರಂತೆ, ನೀರು ಪರದೆಯಿಂದ ಹೊರಗೆ ಬಂದೀತು ಅಂತ! 1977ರಲ್ಲಿ ಅದೇ ಸಿದ್ದಲಿಂಗಯ್ಯ 'ಹೇಮಾವತಿ' ಅಂತಲೇ ಒಂದು ಚಿತ್ರ ಮಾಡಿದರು. ಅದಾಗಿ ಎರಡು ವರ್ಷಕ್ಕೆ, 1979ರಲ್ಲಿ, ಗೊರೂರಿನಲ್ಲಿ ನಿಜವಾದ ಹೇಮಾವತಿಗೆ ಅಣೆಕಟ್ಟೆ ಆಯಿತು. ಹಿನ್ನೀರು ಏರಿದಾಗ ಶೆಟ್ಟಿಹಳ್ಳಿಯ ಹಳೇ ಇಗರ್ಜಿ ನೀರೊಳಗೆ ನಿಲ್ಲುತ್ತದೆ, ಇಳಿದಾಗ ಹೊರಗೆ ಬರುತ್ತದೆ. ಅಲ್ಲಿಗೆ ಫೋಟೋ ತೆಗೆಯಲು ಜನ ಓಡುತ್ತಾರೆ. ನೀರಿಗೆ ಊರು ಬಿಟ್ಟುಕೊಟ್ಟವರ ಫೋಟೋ ಮಾತ್ರ ಎಲ್ಲೂ ಕಾಣೋದಿಲ್ಲ.

ಆಮೇಲೆ ಬಂತಲ್ಲ, 2006ರ ಕೊನೆಯಲ್ಲಿ 'ಮುಂಗಾರು ಮಳೆ'. ಯೋಗರಾಜ್ ಭಟ್ಟರು ಸಕಲೇಶಪುರದ ಮಳೆಯನ್ನೂ ಜೋಗದ ನೀರನ್ನೂ ತೋರಿಸಿದ್ದೇ ತೋರಿಸಿದ್ದು, ಹುಡುಗರೆಲ್ಲ ಜಲಪಾತದ ತುದಿಗೆ ಹೋಗಿ ಕೈ ಚಾಚಿ ನಿಲ್ಲೋದೇ ಒಂದು ರೂಢಿ ಆಗಿಹೋಯಿತು. ಪರದೆ ಮೇಲೆ ಗಣೇಶ್ ಮತ್ತೆ ಎದ್ದು ಬರ್ತಾರೆ. ಅಬ್ಬಿಯಲ್ಲಿ ಜಾರಿದವನಿಗೆ ಎರಡನೇ ಟೇಕ್ ಇಲ್ಲ. ಈ ಮಾತು ನನಗೆ ಹೊಳೆದದ್ದು ಆ ಸಂಜೆ, ಸೇತುವೆ ಮೇಲಲ್ಲ. ಸೇತುವೆ ಮೇಲೆ ನಾನೂ ಕೈ ಚಾಚಿಕೊಂಡೇ ಇದ್ದೆ!

ಇಂಬಳಕ್ಕೆ ಸುಣ್ಣ, ಆನೆಗೆ ದೇವರೇ ಗತಿ

ಸಕಲೇಶಪುರದಿಂದ ಹೆತ್ತೂರು ಬಸ್ಸು. ಗುಡ್ಡ ಸುತ್ತಿ ಸುತ್ತಿ ಮೇಷ್ಟ್ರಿಗೆ ವಾಂತಿ. ಪಿಯುಸಿ ಪಾಸಾದವರಿಗೆ ಹೊಟ್ಟೆ ನಾಜೂಕು!

ಅತ್ತೆ ಮನೆಯಲ್ಲಿ ಹಬೆಯಾಡುವ ಕಡುಬು, ಕೋಳಿ ಸಾರು, ಬೆಲ್ಲದ ಕಾಫಿ. ಮಾವನಿಗೆ ಅರವತ್ತು ದಾಟಿದೆ. ಎರಡು ಎಕರೆ ಕಾಫಿ, ಒಂದಿಷ್ಟು ಏಲಕ್ಕಿ, ಕೆಳಗೆ ಸ್ವಲ್ಪ ಗದ್ದೆ. ಗದ್ದೆ ಈಗ ಪಾಳು. "ನಾಟಿ ಮಾಡೋದು ನಾವು, ಕೊಯ್ಲು ಮಾಡೋದು ಆನೆ. ಎಷ್ಟು ವರ್ಷ ಅಂತ ಮಾಡೋದು?" ಅಂದರು. ಹೆತ್ತೂರು, ಯಸಳೂರು ಕಡೆ ಯಾವ ಮನೆಗೆ ಹೋದರೂ ಕಾಫಿ ಜೊತೆಗೆ ಆನೆ ಮಾತು ಬಂದೇ ಬರುತ್ತದಂತೆ. ಎಂಟು ವರ್ಷ ಮೈಸೂರು ದಸರೆಯ ಚಿನ್ನದ ಅಂಬಾರಿ ಹೊತ್ತ ಅರ್ಜುನ ಸತ್ತದ್ದು ಇದೇ ತಾಲ್ಲೂಕಿನಲ್ಲಿ. 2023ರ ಡಿಸೆಂಬರ್ 4ರಂದು, ಯಸಳೂರು ವಲಯದಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಕಾಡಾನೆಯ ಜೊತೆ ಕಾದಾಡಿ ಬಿದ್ದ. ದಬ್ಬಳ್ಳಿಕಟ್ಟೆಯಲ್ಲಿ ಅವನನ್ನು ಮಣ್ಣು ಮಾಡಿದರು. ಆ ದಿನ ಟೀವಿ ಮುಂದೆ ನಮ್ಮವ್ವ ಅತ್ತದ್ದು ನನಗೆ ನೆನಪಿದೆ. ಯಾವ ಹೀರೋ ಸತ್ತಾಗಲೂ ಹಾಗೆ ಅತ್ತವಳಲ್ಲ.

ಊಟ ಆಯಿತು. ಮಾವ ನಮ್ಮ ಕಾಲು ನೋಡಿದರು. ಮೂವರಿಗೆ ಹವಾಯಿ ಚಪ್ಪಲಿ, ಸ್ಟುಡಿಯೋಗೆ ಹೊಸ ಬಿಳೀ ಶೂ. "ಇಂಬಳ ಕಂಡಿದೀರಾ?" ಅಂದರು. ಇಂಬಳ ಅಂದರೆ ಮಲೆನಾಡಿನ ಜಿಗಣೆ. ಸುಣ್ಣ ಮತ್ತು ಹೊಗೆಸೊಪ್ಪು ಅರೆದು ಒಂದು ಬಟ್ಟೆ ಗಂಟಿನಲ್ಲಿ ಕಟ್ಟಿ ಕೋಲಿನ ತುದಿಗೆ ಸಿಕ್ಕಿಸಿ ಕೊಟ್ಟರು. ಕಚ್ಚಿದ ಕಡೆ ಮುಟ್ಟಿಸಿದರೆ ಸಾಕು, ಉದುರಿಹೋಗುತ್ತದೆ. "ನೀವು ನಾಲ್ಕೇ ಜನ ಹೋಗೋದು ಬೇಡ, ನಾನೂ ಬರ್ತೀನಿ" ಅಂತ ಹೆಗಲಿಗೆ ಗೋಣಿ ಕೊಪ್ಪೆ ಹಾಕಿಕೊಂಡು ಕತ್ತಿ ಹಿಡಿದು ಹೊರಟೇಬಿಟ್ಟರು. ಅವರು ಬಂದದ್ದೇ ನಮ್ಮ ಪುಣ್ಯ.

ಹೊಳೆ ಹಿಡಿದು

ಮೂಕನಮನೆ ಅಬ್ಬಿಗೆ ಈಗ ಬಹಳ ಹತ್ತಿರದವರೆಗೂ ಗಾಡಿ ದಾರಿ ಇದೆ. ನಾವು ಮಾವನ ತೋಟದ ಕೆಳಗಿಂದ ಹಳ್ಳದ ಜಾಡು ಹಿಡಿದೆವು. ಮೊದಲು ಕಾಫಿ ಗಿಡಗಳ ಸಾಲು, ಆಮೇಲೆ ಏಲಕ್ಕಿ ಹಿಂಡಿಲು, ಆಮೇಲೆ ಬರೀ ಕಾಡು. ಸೂರ್ಯ ಎಲ್ಲೋ ಮೇಲೆ ಇದ್ದಾನೆ ಅಂತ ನಂಬಬೇಕು ಅಷ್ಟೇ. ಕಾಲಡಿಯ ತರಗೆಲೆ ಮೆತ್ತಗೆ, ಹೆಜ್ಜೆ ಇಟ್ಟರೆ ನೀರು ಜಿನುಗುತ್ತೆ. ಕಲ್ಲಿನ ಸಂದಿಯಿಂದ ನೀರು, ಬೇರಿನ ಬುಡದಿಂದ ನೀರು, ದಾರಿಯೇ ನೀರು.

ಆಲೂ ನಡೆಯೋದನ್ನು ಬಿಟ್ಟು ಅಲ್ಲಲ್ಲಿ ಕೂತು ನೋಡ್ತಿದ್ದ. ಒಂದು ಕಡೆ ಬೆರಳುಗಾತ್ರದ ಒಸರು ಬಂಡೆಯಿಂದ ಬರುತ್ತಿತ್ತು. ಅದಕ್ಕೆ ಎಲೆ ಒಡ್ಡಿ ಕುಡಿದ. "ಇದಕ್ಕೆ ಮೋಟರ್ ಎಲ್ಲೈತೆ ಮಾವ?" ಅಂದ. ಮಾವ ನಗಲಿಲ್ಲ. "ಕಾಡೇ ಮೋಟರು ಕಣಪ್ಪ. ಮಳೆಗಾಲದಲ್ಲಿ ಕುಡಿದದ್ದನ್ನ ಬೇಸಿಗೆವರೆಗೂ ಸ್ವಲ್ಪ ಸ್ವಲ್ಪವೇ ಬಿಡ್ತದೆ. ಮೇಲಿನ ಗುಡ್ಡ ಬೋಳು ಮಾಡಿದ್ರೆ ಈ ಒಸರು ಸಂಕ್ರಾಂತಿಗೇ ನಿಂತೋಗ್ತದೆ. ನಮ್ಮ ಕಣ್ಣೆದುರೇ ಹಂಗೆ ನಿಂತವು ಇದಾವೆ" ಅಂದರು.

ಇತ್ತ ಸ್ಟುಡಿಯೋನ ಬಿಳೀ ಶೂ ಕೆಂಪಾಗಿತ್ತು. ಮಣ್ಣೋ, ಇಂಬಳ ಕುಡಿದ ರಕ್ತವೋ! ಮೇಷ್ಟ್ರು ಹದಿನೇಳು ಇಂಬಳ ಎಣಿಸಿದ, ಲೆಕ್ಕದವನು ನೋಡಿ.

ಸದ್ದು ಮೊದಲು ಬಂತು. ದೂರದಲ್ಲಿ ಲಾರಿ ಏರು ಹತ್ತುವಾಗ ಬರುವಂಥ ಒಂದೇ ಸಮನೆ ಗುಂಯ್‌ಗುಡುವ ಸದ್ದು. ಮರಗಳ ಸಂದಿ ಬಿಟ್ಟು ಹೊರಗೆ ಬಂದೆವು. ಅಬ್ಬಬ್ಬಾ!

ಜೋಗದ ಹಾಗೆ ಆಕಾಶದಿಂದ ಬೀಳುವ ಜಲಪಾತ ಅಲ್ಲ ಇದು. ಎತ್ತರ ಕಡಿಮೆ, ಅಗಲ ಜಾಸ್ತಿ. ಕರೀ ಬಂಡೆಯ ಮೇಲೆ ಬಿಳೀ ಪಂಚೆ ಒಣಹಾಕಿದ ಹಾಗೆ ಹೊಳೆ ಉದ್ದಕ್ಕೂ ಹರಡಿ ಬೀಳುತ್ತೆ. ಕೆಳಗೆ ಮಡು. ಮಡುವಿನ ಆಚೆ ಕೂರುವಂಥ ಬಂಡೆಗಳು. ಊರಿನ ಹೆಸರು ಮೂಕನಮನೆ. ಯಾವ ಮೂಕನೋ, ಯಾವ ಕಾಲದ ಮನೆಯೋ! ಪಾಪ, ಅವನಿಗೆ ಮಾತೇ ಬೇಕಾಗಿರಲಿಲ್ಲ. ಹಗಲೂ ರಾತ್ರಿ ಹೊಳೆಯೇ ಅವನ ಪರವಾಗಿ ಮಾತಾಡಿರಬೇಕು.

ಆಲೂ ಮಂಡಿಯುದ್ದ ನೀರಿನಲ್ಲಿ ನಿಂತು ಸುಮ್ಮನೆ ನೋಡ್ತಿದ್ದ. ಐದು ನಿಮಿಷ, ಹತ್ತು ನಿಮಿಷ. ಕೊನೆಗೆ ನಾನೇ ಕೇಳಿದೆ, "ಏನ್ಲಾ?"

"ಒಂದು ದಿನದ ನೀರು ಕಣ್ಲಾ. ಬರೀ ಒಂದು ದಿನದ್ದು ನಮ್ಮ ಕೆರೆಗೆ ಬಿಟ್ಟಿದ್ರೆ..."

ಮಾತು ಮುಗಿಸಲಿಲ್ಲ.

ನೀರಿನ ಬಣ್ಣ ಬದಲಾಯಿತು

ಸ್ಟುಡಿಯೋ ತನ್ನ ಕ್ಯಾಮೆರಾ ಚೀಲವನ್ನು ಮಡುವಿನ ಆಚೆ ಬಂಡೆ ಮೇಲೆ ಇಟ್ಟಿದ್ದ. ಅದು ಬರೀ ಕ್ಯಾಮೆರಾ ಅಲ್ಲ, ಅವನ ಅಂಗಡಿ. ಲೆನ್ಸು ಸೇರಿ ಒಂದೂವರೆ ಲಕ್ಷ, ಸಾಲದ್ದು. ತಿಂಗಳಿಗೆ ಏಳು ಸಾವಿರದಂತೆ ಇಪ್ಪತ್ನಾಲ್ಕು ಕಂತು. ಕಟ್ಟಿದ್ದು ಐದು. "ಅಬ್ಬಿ ಎದುರಿಗೆ ಒಂದು ಟ್ರೇಲರ್ ತೆಗೀತೀನಿ ನೋಡ್ರಲಾ, ಇನ್ನು ಮೇಲೆ ಮದುವೆ ಪಾರ್ಟಿ ನನ್ನನ್ನೇ ಹುಡುಕ್ಕಂಡು ಬರಬೇಕು" ಅಂತ ಹುರುಪಿನಲ್ಲಿದ್ದ. ಮೊಬೈಲಿನಲ್ಲಿ ನಮ್ಮನ್ನು ನಿಲ್ಲಿಸಿ, ಕೂರಿಸಿ, ಬೆಳಕು ಅಳೆದು, ಚೀಲ ಬಿಚ್ಚಲು ಇನ್ನೂ ಹೊತ್ತು ನೋಡ್ತಿದ್ದ.

ನಮ್ಮ ತಲೆ ಮೇಲೆ ಮಳೆ ಇರಲಿಲ್ಲ. ಎಳೇ ಬಿಸಿಲು ಕೂಡ ಇತ್ತು. ಮಾವ ಒಂದು ಕಡೆ ಎಲೆ ಅಡಿಕೆ ಹಾಕಿಕೊಂಡು ಕೂತವರು ಥಟ್ಟನೆ ಎದ್ದರು. ನೀರಿಗೆ ಬಾಗಿ ನೋಡಿದರು.

"ಎಲ್ಲರೂ ಮೇಲೆ ಬನ್ನಿ. ಈಗಲೇ!"

ಏನಾಯಿತು ಅಂತ ನಮಗೆ ಗೊತ್ತಾಗಲಿಲ್ಲ. ಅವರು ತೋರಿಸಿದ ಮೇಲೆ ಕಂಡಿತು. ಸ್ಫಟಿಕದ ಹಾಗಿದ್ದ ನೀರು ಟೀ ಬಣ್ಣಕ್ಕೆ ತಿರುಗುತ್ತಿತ್ತು. ಒಣ ತರಗೆಲೆ, ಸಣ್ಣ ಸಣ್ಣ ಕಡ್ಡಿ ತೇಲಿ ಬರ್ತಿದ್ದವು. ಮಣ್ಣಿನ ವಾಸನೆ. ಮೇಲೆ ಎಲ್ಲೋ ಗುಡ್ಡದಲ್ಲಿ ಜೋರು ಮಳೆ ಹೊಡೆದಿದೆ ಅಂತ ಹೊಳೆ ಮೊದಲೇ ಕಾಗದ ಬರೆದು ಕಳಿಸಿತ್ತು. ಓದಲು ಬರುತ್ತಿದ್ದದ್ದು ಮಾವನೊಬ್ಬರಿಗೆ. ಪಿಯುಸಿ ಪಾಸಾದವನಿಗೂ ಇಲ್ಲ, ಬಿಟ್ಟವನಿಗೂ ಇಲ್ಲ.

ಮೂವರು ದಡ ಹತ್ತಿದೆವು. ಸ್ಟುಡಿಯೋ ತಿರುಗಿ ನೋಡಿದ. ಚೀಲ ಆಚೆ ಬಂಡೆ ಮೇಲೆ. ನಡುವೆ ಹದಿನೈದು ಹೆಜ್ಜೆ ನೀರು, ಬರುವಾಗ ಮಂಡಿಯುದ್ದ ಇದ್ದದ್ದು. "ಒಂದೇ ನಿಮಿಷ" ಅಂದವನೇ ಇಳಿದ. ನಾಲ್ಕು ಹೆಜ್ಜೆಗೆ ನೀರು ತೊಡೆಗೆ ಬಂತು. ಐದನೆಯದಕ್ಕೆ ಪಾಚಿ ಮೇಲೆ ಕಾಲು ಜಾರಿ ಸೊಂಟದವರೆಗೆ ಹೋದ. ಅವನಿಗೆ ಈಜು ಬರೋದಿಲ್ಲ. ನಮ್ಮೂರಲ್ಲಿ ಈಜು ಯಾರಿಗೆ ಬರುತ್ತೆ ಸ್ವಾಮಿ? ಕೆರೆ ತುಂಬಿದ್ದರೆ ತಾನೇ ಕಲಿಯೋದು!

ಆಲೂ ಹಿಂದೆಯೇ ಇಳಿದು ಅವನ ಅಂಗಿ ಕಾಲರ್ ಹಿಡಿದ. ಮಾವ ತಮ್ಮ ಪಂಚೆ ಬಿಚ್ಚಿ ಒಂದು ತುದಿ ಆಲೂ ಕಡೆ ಎಸೆದರು. ಇನ್ನೊಂದು ತುದಿ ನಾನೂ ಮೇಷ್ಟ್ರೂ ಹಿಡಿದು ಮರದ ಬೇರಿಗೆ ಕಾಲು ಕೊಟ್ಟು ಎಳೆದೆವು. ಸ್ಟುಡಿಯೋ ಬರೋದಕ್ಕೆ ಒಪ್ಪೋದಿಲ್ಲ! "ಬುಡ್ಲಾ, ನನ್ ಕ್ಯಾಮೆರಾ, ಬುಡ್ಲಾ ಅಂತೀನಿ" ಅಂತ ಕೂಗ್ತಾನೆ. ಆಲೂ ಅವನ ಕಪಾಳಕ್ಕೆ ಒಂದು ಬಿಟ್ಟ. "ನಿನ್ ಹೆಂಡ್ರಿಗೆ ಕ್ಯಾಮೆರಾ ತಂದುಕೊಡ್ಲೇನ್ಲಾ ನಾನು?" ಅಂತ ಅವನೂ ಕೂಗಿದ.

ಇಬ್ಬರೂ ದಡಕ್ಕೆ ಬಿದ್ದರು. ಹೆಚ್ಚೆಂದರೆ ಎರಡು ನಿಮಿಷ ಆಗಿರಬಹುದು. ಆಚೆ ಬಂಡೆಯ ಅರ್ಧ ಮುಳುಗಿತ್ತು. ಮತ್ತೆ ನೋಡಿದಾಗ ಚೀಲ ತಿರುಗುತ್ತಾ ಹೋಗ್ತಿತ್ತು, ಕರೀ ಬಾತುಕೋಳಿಯ ಹಾಗೆ. ಆಮೇಲೆ ಬಂಡೆಯೂ ಇಲ್ಲ. ಪಂಚೆ ಒಣಹಾಕಿದ ಹಾಗಿದ್ದ ಅಬ್ಬಿ ಈಗ ಕೆಂಪಗೆ, ಗೋಡೆಯ ಹಾಗೆ ಬರುತ್ತಿತ್ತು.

ಯಾರೂ ಮಾತಾಡಲಿಲ್ಲ. ಮಾವ ಚಡ್ಡಿಯಲ್ಲಿ ನಿಂತು ಒದ್ದೆ ಪಂಚೆ ಹಿಂಡುತ್ತಿದ್ದರು. ನಗು ಬರಬೇಕಾದ ದೃಶ್ಯ. ನಮ್ಮ ಕೈಕಾಲು ನಡುಗುತ್ತಿದ್ದವು.

ಒಲೆ ಮುಂದೆ ಎತ್ತಿನಹೊಳೆ

ರಾತ್ರಿ ಅತ್ತೆ ಒಲೆ ಮುಂದೆ ಕೂರಿಸಿ ಮೆಣಸಿನ ಕಷಾಯ ಕೊಟ್ಟರು. ಸ್ಟುಡಿಯೋ ಗೋಡೆಗೆ ಒರಗಿ ಒಲೆಯನ್ನೇ ನೋಡ್ತಿದ್ದ. ಆಲೂ ಅವನ ಪಕ್ಕ ಕೂತು, ಹೊಡೆದ ಕೈಯಿಂದಲೇ ಅವನ ಬೆನ್ನಿಗೆ ಕೊಬ್ಬರಿ ಎಣ್ಣೆ ಉಜ್ಜುತ್ತಿದ್ದ.

ಮಾತು ಎತ್ತಿನಹೊಳೆಗೆ ಬಂತು. ಬರದೆ ಇರುತ್ತದೆಯೇ? ಮೂರೇ ವಾರದ ಹಿಂದೆ, ಸೆಪ್ಟೆಂಬರ್ 6ರ ಗೌರಿ ಹಬ್ಬದ ದಿನ, ಇದೇ ಸಕಲೇಶಪುರ ತಾಲ್ಲೂಕಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆ ಯೋಜನೆಯ ಮೊದಲ ಹಂತಕ್ಕೆ ಚಾಲನೆ ಕೊಟ್ಟಿದ್ದರು. ಗೊತ್ತಿಲ್ಲದವರಿಗೆ ಎರಡು ಮಾತು: ಪಶ್ಚಿಮಕ್ಕೆ ಹರಿದು ನೇತ್ರಾವತಿ ಸೇರುವ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳ ಎಂಬ ತೊರೆಗಳಿಗೆ ಎಂಟು ಕಡೆ ಒಡ್ಡು ಕಟ್ಟಿ, ಮಳೆಗಾಲದ ನೀರನ್ನು ಪಂಪಿನಲ್ಲಿ ಮೇಲೆತ್ತಿ, ಕಾಲುವೆಯಲ್ಲಿ ಪೂರ್ವಕ್ಕೆ ತಿರುಗಿಸುವುದು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮುಂತಾದ ಏಳು ಜಿಲ್ಲೆಗಳಿಗೆ. ಲೆಕ್ಕದಲ್ಲಿ 24.01 ಟಿಎಂಸಿ. 2012ರಲ್ಲಿ ಮಂಜೂರಾದಾಗ ಅಂದಾಜು 8,323 ಕೋಟಿ ರೂಪಾಯಿ. ಅದು 12,912 ಆಗಿ, ಕೊನೆಗೆ 23,251 ಕೋಟಿಗೆ ಏರಿತು. ನಮ್ಮ ಜಿಲ್ಲೆಯ ಅರಸೀಕೆರೆ ಕೂಡ ಆ ಪಟ್ಟಿಯಲ್ಲಿದೆ.

ಆಲೂ ತಂಗಿಯನ್ನು ಕೊಟ್ಟಿರೋದು ಅರಸೀಕೆರೆ ತಾಲ್ಲೂಕಿಗೆ. ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಅವಳ ಅತ್ತೆಗೆ ಮಂಡಿ ಮಡಚೋದಿಲ್ಲ. ಅವನು ಸುಮ್ಮನಿರ್ತಾನೆಯೇ?

"ಮಾವ, ತಪ್ಪು ತಿಳೀಬೇಡಿ. ನಿಮ್ಮ ಕಡೆ ನೀರು ಹೆಚ್ಚಾಗಿ ಜನ ಸಾಯ್ತಾರೆ, ನಮ್ಮ ಕಡೆ ಇಲ್ಲದೆ ಸಾಯ್ತಾರೆ. ಸಮುದ್ರಕ್ಕೆ ಹೋಗೋ ನೀರ ಸಲ್ಪ ತಿರುಗಿಸಿದ್ರೆ ನಿಮ್ಗೇನು ಕಷ್ಟ?"

ಮಾವ ಕೊಳ್ಳಿ ಸರಿಮಾಡಿದರು. "ಕೊಡಬೇಡಿ ಅಂತ ನಾನು ಅನ್ನಲ್ಲ ಕಣಪ್ಪ. ನೀರು ಕೇಳ್ದೋನಿಗೆ ಇಲ್ಲ ಅನ್ನಬಾರದು. ಆದರೆ ಸಮುದ್ರಕ್ಕೆ ಹೋಗೋ ಅಷ್ಟರಲ್ಲಿ ಎಷ್ಟು ಊರು ಕುಡೀತವೆ ನೋಡು. ಉಪ್ಪಿನಂಗಡಿ, ಬಂಟ್ವಾಳ, ಮಂಗಳೂರಿನ ತನಕ. 2016ರ ಬೇಸಿಗೇಲಿ ಮಂಗಳೂರಿಗೇ ನೀರು ಪಡಿತರ ಮಾಡಿದ್ರು. ಮತ್ತೆ ಈ ಗುಡ್ಡ! 2018ರ ಆಗಸ್ಟಲ್ಲಿ ಹೆಂಗೆ ಜಾರಿತು ನಾನು ನೋಡಿದೀನಿ. ಮೊನ್ನೆ ಜುಲೈನಲ್ಲಿ ಎಡಕುಮೇರಿ ಹತ್ರ ರೈಲು ಹಳಿ ಅಡಿಯ ಮಣ್ಣೇ ಕುಸಿದು ರೈಲು ನಿಂತೋಯ್ತು. ಅಂಥ ಗುಡ್ಡ ಅಗೆದು ಪೈಪು ಹಾಕಿದಾರೆ. ಮಳೆಗಾಲದಲ್ಲಿ ಬಂದು ನೋಡ್ದೋನು ನೀರು ಬೇಕಾದಷ್ಟಿದೆ ಅಂತಾನೆ. ಮಾರ್ಚಿಗೆ ಬಾ. ಇದೇ ಅಬ್ಬೀಲಿ ಬಂಡೆ ಎಣಿಸಬಹುದು."

"ಬಂಡೆ ಎಣಿಸಬಹುದು ನೀವು. ನಾವು ಬೋರು ಎಣಿಸ್ತೀವಿ" ಅಂದ ಆಲೂ.

ಆಗ ನನ್ನ ಬಾಯಿಂದ ಬಂದೇಬಿಟ್ಟಿತು. 2012-13ರ ಬರ. ನಾನು ಎರಡನೇ ಪಿಯುಸಿ. ಅಪ್ಪ ತೆಂಗು ಉಳಿಸಲು ಬೋರು ತೆಗೆಸಿದರು. ಮೊದಲನೆಯದು 380 ಅಡಿ, ಒಂದೂವರೆ ಇಂಚು ನೀರು ಬಂದು ಎರಡು ತಿಂಗಳಿಗೆ ನಿಂತಿತು. ಎರಡನೆಯದು ಕಲ್ಲು. ಮೂರನೆಯದು 620 ಅಡಿ. ರಾತ್ರಿಯೆಲ್ಲ ಲಾರಿ ಮುಂದೆ ನಾನೂ ಅಪ್ಪನೂ ನಿಂತಿದ್ದೆವು. ಬೆಳಗಿನ ಜಾವ ಪೈಪಿನಿಂದ ಬಿಳೀ ಧೂಳು ಎದ್ದು ಅಪ್ಪನ ತಲೆ, ಮೀಸೆ ಎಲ್ಲ ಬೆಳ್ಳಗಾಯಿತು. ಒಂದೇ ರಾತ್ರಿಗೆ ಮುದುಕರಾದ ಹಾಗೆ. ಪರೀಕ್ಷೆ ಶುಲ್ಕಕ್ಕೆ ಇಟ್ಟಿದ್ದ ದುಡ್ಡೂ ಆ ಗುಂಡಿಗೇ ಹೋಯಿತು. ಅಪ್ಪ ಬೇಡ ಅನ್ನಲಿಲ್ಲ. ನಾನೇ ಕಾಲೇಜಿಗೆ ಹೋಗೋದು ಬಿಟ್ಟೆ.

ಮಾವ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಆ ಪೈಪಿನಲ್ಲಿ ಬರೋ ನೀರು ನಿಮ್ಮೂರಿಗೆ ಬರ್ತದೇನಪ್ಪ?" ಅಂದರು.

ನಾನು ಆಲೂ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ನಮ್ಮೂರಿಗೆ ಬರುತ್ತದೆ ಅಂತ ಯಾರೂ ನಮಗೆ ಹೇಳಿರಲಿಲ್ಲ. ಇಷ್ಟು ಹೊತ್ತು ನಾವು ಜಗಳ ಆಡಿದ್ದು ಯಾರದೋ ನೀರಿಗೆ! ಆದರೂ ಆಲೂ ಬಿಡಲಿಲ್ಲ. "ನಮ್ಗೆ ಬರದಿದ್ರೆ ಬೇಡ. ತಂಗಿ ಮನೆಗಾದ್ರೂ ಬರ್ಲಿ" ಅಂದ. ಅದಕ್ಕೆ ಮಾವನೂ ಎದುರು ಹೇಳಲಿಲ್ಲ.

ಎರಡು ಸಮುದ್ರದ ನಡುವೆ ಒಂದು ಕಲ್ಲು

ಭಾನುವಾರ ಬೆಳಿಗ್ಗೆ ಮಾವನೇ ಒಂದು ಜೀಪು ಹಿಡಿದು ಕೊಟ್ಟರು. "ಬಂದವರು ಬಿಸಿಲೆ ನೋಡದೆ ಹೋಗಬಾರದು. ದಾರೀಲಿ ಮಂಕನಹಳ್ಳಿ ಕಲ್ಲು ತಪ್ಪದೆ ನೋಡಿ" ಅಂದರು. ವನಗೂರು ದಾಟಿ ಮಂಕನಹಳ್ಳಿಯಲ್ಲಿ ಇಳಿದೆವು.

ನೋಡಲು ಏನೂ ಇಲ್ಲ ಸ್ವಾಮಿ, ರಸ್ತೆ ಪಕ್ಕ ಒಂದು ಕಲ್ಲು. ಬ್ರಿಟಿಷರ ಕಾಲದ್ದು ಅಂತಾರೆ. ಆದರೆ ಅದು ಹೇಳುವ ಕಥೆ ಕೇಳಿ. ಈ ಏಣಿನ ಒಂದು ಪಕ್ಕಕ್ಕೆ ಬಿದ್ದ ಮಳೆ ಹೇಮಾವತಿಗೆ ಹೋಗಿ, ಕಾವೇರಿ ಆಗಿ, ತಮಿಳುನಾಡು ದಾಟಿ ಬಂಗಾಳ ಕೊಲ್ಲಿಗೆ ಸೇರುತ್ತೆ. ಇನ್ನೊಂದು ಪಕ್ಕಕ್ಕೆ ಬಿದ್ದದ್ದು ಕುಮಾರಧಾರೆಗೆ ಹೋಗಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ, ಅರಬ್ಬೀ ಸಮುದ್ರಕ್ಕೆ ಹೋಗುತ್ತೆ. ಒಂದೇ ಮೋಡದ ಎರಡು ಹನಿ! ಅಣ್ಣ ಆ ಕಡೆ, ತಮ್ಮ ಈ ಕಡೆ. ಕ್ಲೈಮಾಕ್ಸಿನಲ್ಲಿ ಸೇರಿಸೋಣ ಅಂದರೂ ನಡುವೆ ಇಡೀ ದಕ್ಷಿಣ ಭಾರತವೇ ಇದೆ.

ಆಲೂ ಎರಡೂ ಕಡೆ ಒಂದೊಂದು ಕಾಲಿಟ್ಟು ನಿಂತ. ನಿನ್ನೆ ಒಸರಿನಲ್ಲಿ ತುಂಬಿಕೊಂಡ ಬಾಟಲಿ ಕೈಯಲ್ಲಿತ್ತು. ಏನೋ ದೊಡ್ಡ ಡೈಲಾಗು ಹೊಡೀತಾನೆ ಅಂತ ನಾವೆಲ್ಲ ಕಾದೆವು. ಅವನು ಮುಚ್ಚಳ ತೆಗೆದು ಗಟಗಟ ಅರ್ಧ ಕುಡಿದ. ಬಾಯಿ ಒರೆಸಿಕೊಂಡು, "ಇದು ಯಾವ ಸಮುದ್ರಕ್ಕೆ ಹೋಗ್ತದಲಾ?" ಅಂದ.

ನಿನ್ನೆ ಸಂಜೆಯಿಂದ ಮೊದಲ ಸಲ ಸ್ಟುಡಿಯೋ ನಕ್ಕ. ಅವನು ನಕ್ಕ ಮೇಲೆ ನಾವೂ ನಕ್ಕೆವು.

ಬಿಸಿಲೆಯ ನೋಟದ ಕಟ್ಟೆಯಲ್ಲಿ ಮೊದಲು ಬರೀ ಮಂಜು. ಅರ್ಧ ಗಂಟೆ ಕಾದೆವು. ಥಿಯೇಟರಿನಲ್ಲಿ ಪರದೆ ಸರಿದ ಹಾಗೆ ಮಂಜು ಸರಿಯಿತು. ಎದುರಿಗೆ 1,712 ಮೀಟರಿನ ಕುಮಾರಪರ್ವತ, ಪಕ್ಕದಲ್ಲಿ ಪಟ್ಟಬೆಟ್ಟ, ನಡುವೆ ಆಳದ ಕಣಿವೆ ತುಂಬ ಕಾಡು. ಕಾಡಿನೊಳಗೆ ಎಲ್ಲೋ ನೀರಿನ ಸದ್ದು. ಸ್ಟುಡಿಯೋನ ಕೈ ಅಭ್ಯಾಸಬಲದಿಂದ ಹೆಗಲಿಗೆ ಹೋಯಿತು. ಹೆಗಲು ಖಾಲಿ. ಕೈ ಇಳಿಸಿದ. "ಇರ್ಲಿ ಬುಡು, ಒಂದ್ಸಲ ಕಣ್ಣಲ್ಲೇ ನೋಡಾಣ" ಅಂದ.

ಹೋಗುವವರಿಗೆ ಎರಡು ಮಾತು

ಹೋಗಿ, ಖಂಡಿತ ಹೋಗಿ. ಸಕಲೇಶಪುರದಿಂದ ಹೆತ್ತೂರು ಕಡೆಗೆ ಬಸ್ಸಿದೆ, ಆದರೆ ಕಡಿಮೆ. ಸಂಜೆ ವಾಪಸ್ ಬಸ್ಸು ಎಷ್ಟು ಹೊತ್ತಿಗೆ ಅಂತ ಹೋಗುವಾಗಲೇ ಕಂಡಕ್ಟರ್ ಹತ್ತಿರ ಕೇಳಿಕೊಳ್ಳಿ. ಮಳೆಗಾಲದಲ್ಲಿ ಅಬ್ಬಿಯನ್ನು ದಡದಿಂದ ನೋಡಿ, ನೀರಿಗೆ ಇಳಿಯಬೇಡಿ. ತಲೆ ಮೇಲೆ ಬಿಸಿಲಿದೆ ಅಂತ ನಂಬಬೇಡಿ. ನೀರು ಬಣ್ಣ ತಿರುಗಿದರೆ, ಕಡ್ಡಿ ತರಗೆಲೆ ತೇಲಿ ಬಂದರೆ, ಸದ್ದು ದಪ್ಪವಾದರೆ, ಸಾಮಾನು ಬಿಟ್ಟು ಮೇಲಕ್ಕೆ ಹತ್ತಿ. ಬಿಸಿಲೆ ಕಾಡೊಳಗೆ ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಕಾಲಿಡಬೇಡಿ. ಸಕಲೇಶಪುರ-ಸುಬ್ರಹ್ಮಣ್ಯ ರೈಲು ಹಳಿ ಮೇಲೆ ನಡೆಯೋದು ಕಾನೂನಿಗೆ ವಿರುದ್ಧ, ಸುರಂಗದೊಳಗೆ ರೈಲು ಬಂದರೆ ಸರಿದು ನಿಲ್ಲಲು ಜಾಗ ಸಿಗೋದಿಲ್ಲ. ಇಂಬಳಕ್ಕೆ ಸುಣ್ಣ ಮತ್ತು ಹೊಗೆಸೊಪ್ಪು ಮರೀಬೇಡಿ. ಎಲ್ಲಕ್ಕಿಂತ ಮುಖ್ಯ, ಊರಿನ ಹಿರಿಯರೊಬ್ಬರನ್ನು ಜೊತೆಗೆ ಕರಕೊಂಡು ಹೋಗಿ. ಅವರ ಪಂಚೆ ಗಟ್ಟಿ ಇರುತ್ತದೆ!

ಸ್ಟುಡಿಯೋ ಸಾಲದ ಕಂತು ಹತ್ತೊಂಬತ್ತು ಉಳಿದಿತ್ತಲ್ಲ. ವಾಪಸ್ ಬಸ್ಸಿನಲ್ಲಿ ಮೇಷ್ಟ್ರು ಟಿಕೆಟ್ಟಿನ ಹಿಂದೆ ಲೆಕ್ಕ ಹಾಕಿದ. ಮೂವರೂ ತಿಂಗಳಿಗೆ ಒಂದೊಂದು ಸಾವಿರ ಹಾಕೋದು, ಉಳಿದ ನಾಲ್ಕು ಅವನದು. ಕಾರ್ತೀಕದ ಮದುವೆಗಳಿಗೆ ಹಾಸನದಿಂದ ಬಾಡಿಗೆ ಕ್ಯಾಮೆರಾ. ಆಲೂ ತಾನು ರೊಕ್ಕದ ಬದಲು ಆಲೂಗಡ್ಡೆ ಕೊಡ್ತೀನಿ ಅಂದ. ಒಪ್ಪಲಿಲ್ಲ.

ರಾತ್ರಿ ಮನೆ ಮುಟ್ಟಿದಾಗ ಅವ್ವ ಜಗಲಿ ಮೇಲೆ ಕಾದು ಕೂತಿದ್ದಳು. ಅಬ್ಬಿಯಲ್ಲಿ ನಡೆದದ್ದನ್ನು ಹೇಳಲಿಲ್ಲ. ಇದನ್ನು ಓದಿಸಿಕೊಂಡರೆ ಗೊತ್ತಾಗುತ್ತೆ, ಆಗ ಬೈಸಿಕೊಳ್ತೀನಿ.

"ನೀರು ಹೆಂಗಿತ್ಲಾ ಮಗ?" ಅಂದಳು.

"ಜೋರಿತ್ತವ್ವ."

"ಸಲ್ಪ ಈ ಕಡೀಕೂ ತರಬಾರದಾಗಿತ್ತಾ?"

ಆಲೂ ಕುಡಿದು ಮಿಕ್ಕ ಅರ್ಧ ಬಾಟಲಿ ನನ್ನ ಚೀಲದಲ್ಲೇ ಉಳಿದಿತ್ತು. ತೆಗೆದು ಕೊಟ್ಟೆ. ಅವ್ವ ದೀಪಕ್ಕೆ ಹಿಡಿದು ನೋಡಿದಳು, ಒಂದು ಗುಟುಕು ಬಾಯಿಗೆ ಹಾಕಿಕೊಂಡಳು. ಉಳಿದದ್ದನ್ನು ಹಿತ್ತಲ ಕರಿಬೇವಿನ ಬುಡಕ್ಕೆ ಹುಯ್ದು ಬಂದು, "ಊಟಕ್ಕೆ ಏಳು" ಅಂದಳು.